ಬೆದರಿಕೆಯ ಮುಂದೆ ದೈವಶ್ರದ್ಧೆ

‘ಕೊಲ್ಲುವವನಿಗಿಂತ ಕಾಯುವವನು ದೊಡ್ಡವನು’ ಎಂಬ ಗಾದೆಯು ನಮ್ಮ ನಾಡಿನ ಮನೆಮನೆಯಲ್ಲಿಯೂ ಬಳಕೆಯಲ್ಲಿರುವದು. ಜ್ವರ ಬಂದ ಕೂಸಿನ ಹಾಸಿಗೆಯ ಬಳಿ ಕುಳಿತ ಅಜ್ಜಿಯು ಇದನ್ನು ಆಡುವಳು. ಕೋರ್ಟಿನ ಕಟ್ಟೆಯ ಮೇಲೆ ಎದುರುಪಕ್ಷದ ಆಳುಗಳನ್ನು ಕಂಡು ಎದೆಗುಂದಿದ ಸಾಕ್ಷಿದಾರನಿಗೆ ಅವನ ಜೊತೆಗಾರನು ಇದನ್ನೇ ಹೇಳಿ ಧೈರ್ಯ ತುಂಬುವನು. ಆದರೆ 1948ನೆಯ ಇಸವಿಯ ಜನವರಿ 30ನೆಯ ತಾರೀಖಿನ ಸಂಜೆ, ದಿಲ್ಲಿಯ ಬಿರ್ಲಾ ಭವನದ ತೋಟದಲ್ಲಿ, ಪ್ರಾರ್ಥನೆಗೆಂದು ನಡೆದುಹೋಗುತ್ತಿದ್ದ 78 ವರ್ಷದ ವೃದ್ಧರೊಬ್ಬರ ಮೈಗೆ ಮೂರು ಗುಂಡುಗಳು ತಾಗಿದವಲ್ಲ, ಆಗ ಈ ಗಾದೆಯ ಗತಿ ಏನಾಯಿತು? ಆ ಕಾಲದ ಭರತಖಂಡದಲ್ಲಿ ಅವರಿಗಿಂತ ದೇವರನ್ನು ನೆಚ್ಚಿದವರು ಯಾರಿದ್ದರು? ಹೀಗೆ ಕೇಳುವ ನಾಸ್ತಿಕನ ಪ್ರಶ್ನೆಯು ನ್ಯಾಯವಾದದ್ದು. ಭಕ್ತರೆನಿಸಿಕೊಂಡವರು ಇದಕ್ಕೆ ‘ಎಲ್ಲವೂ ಈಶ್ವರೇಚ್ಛೆ’ ಎಂದು ಹೇಳಿ ಮುಖ ತಿರುಗಿಸುವದು ನಮಗೆ ಸರಿಬೀಳುವದಿಲ್ಲ. ಬೆದರಿಕೆಗೆ ಗುರಿಯಾದವನು ದೇವರನ್ನು ನಂಬಿದರೆ ಅವನಿಗೆ ದೊರೆಯತಕ್ಕದ್ದಾದರೂ ಏನು ಎಂಬದನ್ನು ಈ ವಾರ ಸ್ವಲ್ಪ ನಿಧಾನವಾಗಿ ವಿಚಾರಿಸೋಣ.

ವಕೀಲಿ ವೃತ್ತಿಯವರಾದ ನಮಗೆ ಮೊದಲು ಕಾಯಿದೆಯ ಪುಸ್ತಕವನ್ನು ತೆರೆಯುವ ರೂಢಿ. ವಾಚಕರು ಕ್ಷಮಿಸಬೇಕು. 1860ರ ಭಾರತೀಯ ದಂಡಸಂಹಿತೆಯ 503ನೆಯ ಕಲಮಿನಲ್ಲಿಯೂ, ಅದರ ಸ್ಥಾನದಲ್ಲಿ 2024ನೆಯ ಇಸವಿಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 351ನೆಯ ಕಲಮಿನಲ್ಲಿಯೂ ಬೆದರಿಕೆಯ ಲಕ್ಷಣವು ಒಂದೇ ಆಗಿರುವದು. ಒಬ್ಬನ ಮೈಗೆ, ಮಾನಕ್ಕೆ, ಸೊತ್ತಿಗೆ, ಇಲ್ಲವೆ ಅವನಿಗೆ ಬೇಕಾದವರ ಮೈಮಾನಗಳಿಗೆ ಕೇಡು ಮಾಡುವೆನೆಂದು ಹೇಳಿ ಅವನಲ್ಲಿ ದಿಗಿಲು ಹುಟ್ಟಿಸುವದು, ಅಥವಾ ಅವನು ಮಾಡಬೇಕಾಗಿಲ್ಲದ ಕೆಲಸವನ್ನು ಮಾಡಿಸುವದು, ಅಥವಾ ಮಾಡಲು ಅವನಿಗೆ ಹಕ್ಕಿರುವ ಕೆಲಸವನ್ನು ಬಿಡಿಸುವದು, ಇದೇ ಅಪರಾಧ. ಈ ಲಕ್ಷಣವನ್ನು ಬರೆದವರು ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲವರು. ಕೊಲ್ಲುವವನು ಬೇರೆ, ಬೆದರಿಸುವವನು ಬೇರೆ. ಕೊಲ್ಲುವವನಿಗೆ ನಮ್ಮ ಒಪ್ಪಿಗೆಯು ಬೇಕಿಲ್ಲ. ಬೆದರಿಸುವವನ ಕಾರ್ಯವಾದರೋ ನಮ್ಮ ರುಜುವಿಲ್ಲದೆ ಪೂರ್ತಿಯಾಗಲಾರದು. ಹಿರಣ್ಯಕಶಿಪುವಿಗೆ ಮಗನ ಜೀವದಿಂದ ಆಗಬೇಕಾದದ್ದೇನೂ ಇರಲಿಲ್ಲ. ಹುಡುಗನ ಬಾಯಿಂದ ಒಂದು ಹೆಸರು ಹೊರಡಬಾರದು, ಇನ್ನೊಂದು ಹೆಸರು ಹೊರಡಬೇಕು, ಅಷ್ಟೇ. ಆನೆ, ಹಾವು, ಬೆಂಕಿ, ವಿಷಗಳೆಲ್ಲ ಆ ಒಂದು ರುಜುವಿಗಾಗಿ ಹೂಡಿದ ಏರ್ಪಾಡುಗಳು. ಆದುದರಿಂದ ದೈವಶ್ರದ್ಧೆಯ ಪರೀಕ್ಷೆಯು ‘ಜೀವ ಉಳಿಯಿತೇ’ ಎಂಬಲ್ಲಿ ಪ್ರಾರಂಭವಾಗದೆ, ‘ರುಜು ಬಿತ್ತೇ’ ಎಂಬಲ್ಲಿ ಪ್ರಾರಂಭವಾಗುವದೆಂದು ನಮ್ಮ ಅಭಿಪ್ರಾಯ.

ಇದಕ್ಕೆ ಪುರಾಣವನ್ನು ಬಿಟ್ಟು ಇತಿಹಾಸದಿಂದಲೇ ಸಾಕ್ಷಿ ತೆಗೆದುಕೊಳ್ಳುವದು ಒಳ್ಳೆಯದು. 1896ನೆಯ ಇಸವಿಯ ಡಿಸೆಂಬರದಲ್ಲಿ ‘ಕೋರ್ಲ್ಯಾಂಡ್’ ಮತ್ತು ‘ನಾದರಿ’ ಎಂಬ ಎರಡು ಹಡಗುಗಳು ದಕ್ಷಿಣ ಆಫ್ರಿಕೆಯ ಡರ್ಬನ್ ಬಂದರಿನ ಹೊರಗೆ ಲಂಗರು ಹಾಕಿದವು. ಎರಡರಲ್ಲಿಯೂ ಕೂಡಿ ಸುಮಾರು 800 ಜನ ಹಿಂದಿಗಳಿದ್ದರು. ಅವರಲ್ಲೊಬ್ಬರು 27 ವರ್ಷದ ಬ್ಯಾರಿಸ್ಟರ್ ಮೋಹನದಾಸ ಗಾಂಧಿ. ಜೊತೆಯಲ್ಲಿ ಹೆಂಡತಿ, ಇಬ್ಬರು ಗಂಡುಮಕ್ಕಳು, ಸೋದರಳಿಯ. ಮುಂಬಯಿಯಲ್ಲಿ ಪ್ಲೇಗು ಇದ್ದಿತೆಂಬ ನೆವದಿಂದ ಪ್ರಯಾಣಿಕರನ್ನು ಇಳಿಯಗೊಡದೆ 23 ದಿವಸ ಕಡಲಿನಲ್ಲಿಯೇ ನಿಲ್ಲಿಸಲಾಯಿತು. ಪ್ಲೇಗಿನ ಮಾತು ತೋರಿಕೆಯದು. ದಡದ ಮೇಲೆ ಬಿಳಿಯರು ಸಭೆಯ ಮೇಲೆ ಸಭೆ ನೆರೆಯಿಸಿ, ಈ ಜನರು ಮರಳಿ ಹೋಗದಿದ್ದರೆ ಸಮುದ್ರಕ್ಕೆ ನೂಕುವೆವೆಂದು ಸಾರುತ್ತಿದ್ದರು. ಹೋಗಲು ಒಪ್ಪಿದವರಿಗೆ ಹಡಗಿನ ಬಾಡಿಗೆಯನ್ನು ತಿರುಗಿ ಕೊಡುವದಾಗಿಯೂ ಹೇಳಿಕಳಿಸಿದರು. ನೋಡಿರಿ, ಬೆದರಿಕೆಯ ಜೊತೆಗೆ ಯಾವಾಗಲೂ ಒಂದು ಆಮಿಷವು ತಳುಕುಹಾಕಿಕೊಂಡೇ ಬರುವದು. ಹಡಗಿನ ಯಜಮಾನರಾದ ದಾದಾ ಅಬ್ದುಲ್ಲಾ ಕಂಪನಿಯವರಿಗೂ ಹೀಗೆಯೇ ಒಮ್ಮೆ ಗುಮ್ಮ, ಒಮ್ಮೆ ಬೆಲ್ಲ. ಪ್ರಯಾಣಿಕರು ಕೊಟ್ಟ ಉತ್ತರವು ಚಿಕ್ಕದು. ನೇಟಾಲದಲ್ಲಿ ಇಳಿಯುವ ಹಕ್ಕು ತಮಗಿದೆ, ಏನಾದರೂ ಆಗಲಿ, ಇಳಿಯುವೆವು.

ಕ್ರಿಸ್ಮಸ್ ದಿನದ ಊಟಕ್ಕೆ ಹಡಗಿನ ಕಪ್ತಾನನು ಗಾಂಧಿಯವರನ್ನು ಕರೆದಿದ್ದನು. ಬಿಳಿಯರು ತಾವಾಡಿದಂತೆ ಮಾಡಿಯೇಬಿಟ್ಟರೆ ನಿಮ್ಮ ಅಹಿಂಸೆಯ ಗತಿಯೇನು ಎಂದು ಅವನು ಕೇಳಿದನು. ಅವರನ್ನು ಕ್ಷಮಿಸುವ ಧೈರ್ಯವನ್ನೂ, ಕೋರ್ಟಿಗೆ ಎಳೆಯದಿರುವ ಬುದ್ಧಿಯನ್ನೂ ದೇವರು ತಮಗೆ ಕೊಡುವನೆಂದು ನಂಬಿರುವದಾಗಿ ಗಾಂಧಿಯವರು ಹೇಳಿದರು. ಕಪ್ತಾನನು ನಕ್ಕನು. ಊಟದ ಮೇಜಿನ ಮುಂದೆ ಇಂಥ ಮಾತನ್ನು ಯಾರೂ ಆಡಬಹುದೆಂದು ಅವನೆಣಿಸಿರಬೇಕು. ಆದರೆ ನಾವು ಇಲ್ಲಿ ಗಮನಿಸತಕ್ಕದ್ದೊಂದಿದೆ. ಆ ತರುಣ ವಕೀಲರು ದೇವರಿಂದ ಬೇಡಿದ್ದು ಪ್ರಾಣರಕ್ಷಣೆಯನ್ನಲ್ಲ. ಏಟು ಬಿದ್ದ ಬಳಿಕ ತಾವು ಹೇಗಿರಬೇಕೆಂಬುದಕ್ಕಾಗಿ ಬೇಡಿದರು. ಇದು ಬೇರೆ ತರದ ಬೇಡಿಕೆ. ಹರಕೆ ಹೊತ್ತು ದೇವರೊಡನೆ ವ್ಯಾಪಾರ ಮಾಡುವ ನಮ್ಮಲ್ಲಿ ಅನೇಕರಿಗೆ ಇದು ತಟ್ಟನೆ ತಿಳಿಯುವಂಥದಲ್ಲ.

1897ರ ಜನವರಿ 13ರಂದು ಇಳಿಯುವ ಅಪ್ಪಣೆಯಾಯಿತು. ಕತ್ತಲೆಯಾದ ಮೇಲೆ ಗುಟ್ಟಾಗಿ ಇಳಿಯುವದು ಕ್ಷೇಮವೆಂದು ನೇಟಾಲದ ಅಟಾರ್ನಿ ಜನರಲ್ ಎಸ್ಕಂಬರಿಂದ ಸೂಚನೆ ಬಂದಿತ್ತು. ಈ ಎಸ್ಕಂಬರೇ ದಡದ ಮೇಲಿನ ಚಳವಳಿಯಲ್ಲಿ ಬಹಿರಂಗವಾಗಿ ಕೈಗೂಡಿಸಿದ್ದರೆಂಬದನ್ನು ಮರೆಯಬಾರದು. ಆದರೆ ದಾದಾ ಅಬ್ದುಲ್ಲಾ ಕಂಪನಿಯ ವಕೀಲರಾದ ಲಾಟನ್ನರು ಹಡಗಿಗೆ ಬಂದು, ಕಳ್ಳನಂತೆ ರಾತ್ರಿಯಲ್ಲಿ ಊರು ಹೊಗುವದು ತಮಗೆ ಸೇರದೆಂದೂ, ಹೆಂಡತಿಮಕ್ಕಳನ್ನು ಗಾಡಿಯಲ್ಲಿ ಕಳಿಸಿ ತಾವಿಬ್ಬರೂ ಹಗಲಿನಲ್ಲಿಯೇ ನಡೆದುಹೋಗೋಣವೆಂದೂ ಹೇಳಿದರು. ಹಾಗೆಯೇ ಹೊರಟರು. ದಾರಿಯಲ್ಲಿ ಕೆಲವು ಹುಡುಗರು ಗುರುತು ಹಿಡಿದು ಕೂಗಿದರು, ಜನ ನೆರೆಯಿತು. ಲಾಟನ್ನರನ್ನು ಬೇರೆಯಾಗಿ ಎಳೆದೊಯ್ದರು. ಕಲ್ಲು, ಇಟ್ಟಿಗೆಯ ಚೂರು, ಕೊಳೆತ ಮೊಟ್ಟೆಗಳ ಮಳೆಯಾಯಿತು. ಒಬ್ಬನು ರುಮಾಲನ್ನು ಕಿತ್ತೊಗೆದನು, ಉಳಿದವರು ಹೊಡೆದರು, ಒದ್ದರು. ಕಣ್ಣು ಕತ್ತಲೆಗಟ್ಟಿ ಒಂದು ಮನೆಯ ಕಂಬಿಗಳನ್ನು ಹಿಡಿದುಕೊಂಡು ಗಾಂಧಿಯವರು ನಿಂತರು. ಆ ವೇಳೆಗೆ ಪೋಲೀಸ್ ಸುಪರಿಂಟೆಂಡೆಂಟ್ ಅಲೆಕ್ಸಾಂಡರರ ಹೆಂಡತಿಯು ಆ ದಾರಿಯಿಂದ ಬರುತ್ತಿದ್ದವಳು ಅವರ ಗುರುತು ಹಿಡಿದಳು. ಬಿಸಿಲಿರಲಿಲ್ಲ, ಆದರೂ ತನ್ನ ಕೊಡೆಯನ್ನು ಬಿಚ್ಚಿ, ಗುಂಪಿಗೂ ಗಾಂಧಿಯವರಿಗೂ ನಡುವೆ ನಿಂತಳು. ಅವಳಿಗೆ ತಾಗದಂತೆ ಅವರನ್ನು ಹೊಡೆಯುವದು ಯಾರಿಂದಲೂ ಆಗಲಿಲ್ಲ. ಅಷ್ಟರಲ್ಲಿ ಪೋಲೀಸರು ಬಂದರು.

ಇದರ ಮುಂದಿನ ಸಂಗತಿಯನ್ನು ನಮ್ಮ ಶಾಲೆಗಳ ಪಾಠಗಳಲ್ಲಿ ಸಾಮಾನ್ಯವಾಗಿ ಬಿಟ್ಟುಬಿಡುವರು. ಬಿಡಬಾರದು. ಪಾರಸಿ ರುಸ್ತುಮಜಿಯವರ ಮನೆಯಲ್ಲಿ ಗಾಂಧಿಯವರು ಗಾಯಕ್ಕೆ ಔಷಧ ಮಾಡಿಸಿಕೊಳ್ಳುತ್ತಿರಲು, ರಾತ್ರಿಯಾಗುತ್ತಲೆ ಗುಂಪು ಮನೆಯನ್ನು ಸುತ್ತುಗಟ್ಟಿ ಅವರನ್ನು ಒಪ್ಪಿಸಬೇಕೆಂದು ಕೂಗಿತು. ಗೆಳೆಯನ ಮನೆಯನ್ನೂ ನಿಮ್ಮ ಹೆಂಡತಿಮಕ್ಕಳನ್ನೂ ಉಳಿಸಬೇಕೆಂದಿದ್ದರೆ ವೇಷ ಮರೆಸಿಕೊಂಡು ಹೊರಬೀಳಿರೆಂದು ಸುಪರಿಂಟೆಂಡೆಂಟರು ಹೇಳಿಕಳಿಸಿದರು. ಬಾಗಿಲ ಮುಂದೆ ನಿಂತು ಅವರು ಗುಂಪಿಗೆ ಹಾಡು ಹೇಳಿಸಿ ನಗಿಸುತ್ತಿರಲು, ಹಿಂದಿನಿಂದ ಗಾಂಧಿಯವರು ಹಿಂದೀ ಪೋಲೀಸನ ಉಡುಪು ತೊಟ್ಟು, ತಲೆಗೆ ಏಟು ಬೀಳದಂತೆ ಒಂದು ತಟ್ಟೆಯನ್ನಿಟ್ಟು ಅದರ ಮೇಲೆ ಮದ್ರಾಸೀ ವಸ್ತ್ರವನ್ನು ಸುತ್ತಿಕೊಂಡು, ಇಬ್ಬರು ಪತ್ತೇದಾರರೊಡನೆ ಪಾರಾದರು. ಹಗಲು ಗುಂಪಿಗೆ ಎದೆಯೊಡ್ಡಿದವರು ರಾತ್ರಿ ತಟ್ಟೆಯ ಕೆಳಗೆ ತಲೆಯಿಟ್ಟು ಓಡಿದರು! ಇದು ಸ್ವಂತದ ಜೀವಭಯದಿಂದಲೋ, ಗೆಳೆಯನ ಸೊತ್ತಿಗಾಗಿಯೋ, ಹೆಂಡತಿಮಕ್ಕಳಿಗಾಗಿಯೋ ಎಂದು ಅವರೇ ತಮ್ಮ ಆತ್ಮಕಥೆಯಲ್ಲಿ ಕೇಳಿಕೊಂಡು, ಖಂಡಿತವಾಗಿ ಹೇಳುವರಾರೆಂದು ಆ ಪ್ರಶ್ನೆಯನ್ನು ತೆರೆದೇ ಬಿಟ್ಟಿರುವರು. ನಮಗಂತೂ ಇದು ಶ್ರದ್ಧೆಗೆ ಊನವೆಂದು ತೋರುವದಿಲ್ಲ. ಬೆದರಿಸಿದವರು ಬೇಡಿದ್ದು ಗಾಂಧಿಯು ನೇಟಾಲವನ್ನು ಬಿಡಬೇಕೆಂದು. ಆ ಕಾಗದಕ್ಕೆ ರುಜು ಬೀಳಲೇ ಇಲ್ಲ. ವೇಷ ಬದಲಾಯಿತು, ಮಾತು ಬದಲಾಗಲಿಲ್ಲ. ದೇವರನ್ನು ನಂಬಿದವನು ಬಾಗಿಲಿಗೆ ಅಗಣಿ ಹಾಕಬಾರದು, ಪೋಲೀಸರಿಗೆ ತಿಳಿಸಬಾರದು, ದಾರಿ ತಪ್ಪಿಸಿ ನಡೆಯಬಾರದೆಂದು ಹೇಳುವವರು ಶ್ರದ್ಧೆಯನ್ನೂ ಮೊಂಡತನವನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು.

ಲಂಡನ್ನಿನಿಂದ ವಸಾಹತು ಮಂತ್ರಿ ಚೇಂಬರ್ಲೇನರು ಹೊಡೆದವರ ಮೇಲೆ ಖಟ್ಲೆ ನಡೆಸಬೇಕೆಂದು ತಂತಿ ಕೊಟ್ಟರು. ಎಸ್ಕಂಬರು ಗಾಂಧಿಯವರನ್ನು ಕರೆಸಿ ಕೇಳಿದಾಗ ತಮಗೆ ಖಟ್ಲೆ ಬೇಡವೆಂದು ಅವರು ಬರೆದುಕೊಟ್ಟರು. ಕಪ್ತಾನನ ಮೇಜಿನ ಮುಂದೆ ಆಡಿದ ಮಾತು ಹೀಗೆ ಕಾಗದದ ಮೇಲೆ ಬಂದಿತು.

ಇನ್ನು ಹನ್ನೊಂದು ವರ್ಷಗಳ ತರುವಾಯದ ಸಂಗತಿ. ಟ್ರಾನ್ಸ್‌ವಾಲದಲ್ಲಿ ಸರಕಾರದೊಡನೆ ಒಪ್ಪಂದವಾಗಿ, ಹಿಂದಿಗಳು ತಾವಾಗಿಯೇ ಹೆಸರು ನೋಂದಿಸಬೇಕೆಂದು ಗಾಂಧಿಯವರು ಹೇಳಿದರು. ಆ ಸಭೆಯಲ್ಲಿ ಒಬ್ಬ ಪಠಾಣನು ಎದ್ದು, ಯಾವನು ಮೊದಲು ನೋಂದಿಸುವನೋ ಅವನನ್ನು ಕೊಲ್ಲುವೆನೆಂದು ಅಲ್ಲಾನ ಆಣೆಯಿಟ್ಟನು. ಗಾಂಧಿಯವರು ತಾವೇ ಮೊದಲಿಗರಾಗಿ ಹೋಗುವೆವೆಂದು ಹೇಳಿ, 1908ನೆಯ ಇಸವಿಯ ಫೆಬ್ರುವರಿ 10ರಂದು ಹೊರಟರು. ಜೊಹಾನ್ಸ್‌ಬರ್ಗಿನ ಬೀದಿಯಲ್ಲಿ ಮೀರ್ ಆಲಂ ಎಂಬವನ ದೊಣ್ಣೆಯು ತಲೆಗೆ ಬಿತ್ತು. ‘ಹೇ ರಾಮ’ ಎನ್ನುತ್ತ ಮೂರ್ಛೆ ಹೋದರು. ಎಚ್ಚರವಾದ ಮೇಲೆ ಮೊದಲು ಕೇಳಿದ್ದು ಮೀರ್ ಆಲಮನು ಎಲ್ಲಿರುವನೆಂದು. ಅವನನ್ನು ಬಿಡಿಸಲು ತಂತಿ ಕೊಟ್ಟರು. ಪಾದ್ರಿ ಡೋಕರ ಮನೆಯಲ್ಲಿ ಮಲಗಿದಲ್ಲಿಂದಲೇ ಬೆರಳಚ್ಚು ಕೊಟ್ಟರು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ದೇವರ ಹೆಸರು ಆ ದಿನ ಎರಡೂ ಪಕ್ಷದಲ್ಲಿದ್ದಿತು. ಬೆದರಿಸಿದವನು ದೇವರ ಆಣೆಯಿಟ್ಟು ಬೆದರಿಸಿದನು, ಏಟು ತಿಂದವನು ದೇವರ ಹೆಸರು ಹಿಡಿದು ಬಿದ್ದನು. ಆ ಪಠಾಣನು ಇನ್ನೊಬ್ಬ ಧರ್ಮದವನೆಂದು ನಮ್ಮವರಾರೂ ಇಲ್ಲಿ ಹೆಮ್ಮೆಪಡಬೇಕಾದ ಕಾರಣವಿಲ್ಲ. ದಿಲ್ಲಿಯ ತೋಟದಲ್ಲಿ ಪಿಸ್ತೂಲು ಹಿಡಿದ ನಾಥೂರಾಮ ಗೋಡ್ಸೆಯು ನಮ್ಮ ಧರ್ಮದ ರಕ್ಷಣೆಯ ಮಾತನ್ನೇ ಆಡಿದವನು. ಧರ್ಮದ ಹೆಸರಿನ ಬೆದರಿಕೆಯು ನಮ್ಮ ದೇಶಕ್ಕೆ ಎಷ್ಟು ಹಳೆಯದೆಂದರೆ, ‘ಹೀಗೆ ಮಾಡದಿದ್ದರೆ ದೈವಕೋಪಕ್ಕೆ ಗುರಿಯಾಗುವೆ’ ಎಂದು ನಂಬಿಸಿ ಒಬ್ಬನಿಂದ ಕೆಲಸ ಮಾಡಿಸುವದಕ್ಕೆ ಹಳೆಯ ದಂಡಸಂಹಿತೆಯಲ್ಲಿ 508ನೆಯ ಕಲಮನ್ನೇ ಪ್ರತ್ಯೇಕವಾಗಿ ಇಟ್ಟಿದ್ದರು. ಹೊಸ ಸಂಹಿತೆಯಲ್ಲಿ ಅದು 354ನೆಯದು. ಹಾಗಾದರೆ ಇಬ್ಬರಲ್ಲಿ ನಿಜವಾಗಿ ದೇವರನ್ನು ನಂಬಿದವನು ಯಾವನೆಂದು ಗುರುತಿಸುವ ಬಗೆ ಹೇಗೆ? ನಮಗೆ ತೋರುವ ಗುರುತು ಇದು. ದೇವರನ್ನು ನಂಬಿದವನು ಶಿಕ್ಷೆಯ ಕೆಲಸವನ್ನು ದೇವರಿಂದ ಕಸಿದುಕೊಳ್ಳುವದಿಲ್ಲ. ದೇವರ ಪರವಾಗಿ ದೊಣ್ಣೆಯೆತ್ತುವವನಿಗೆ, ದೇವರು ತನ್ನ ಕೆಲಸ ತಾನು ಮಾಡಿಕೊಳ್ಳಬಲ್ಲನೆಂಬ ನೆಚ್ಚಿಕೆಯೇ ಇಲ್ಲ.

ಇದೆಲ್ಲ ಮಹಾತ್ಮರ ಮಾತು, ಸಂಸಾರಿಗಳಾದ ನಮಗೆಲ್ಲಿಯದೆಂದು ವಾಚಕರು ಕೇಳಬಹುದು. ಅಂಥವರಿಗೆ ನಮ್ಮ ಉತ್ತರ ಕನ್ನಡದ ಕಡೆಗೆ ಕೈದೋರಿಸುವೆವು. 1932ನೆಯ ಇಸವಿಯ ಕರನಿರಾಕರಣೆಯ ಕಾಲದಲ್ಲಿ ಅಂಕೋಲೆ, ಸಿದ್ದಾಪುರ ತಾಲೂಕುಗಳ ರೈತರಿಗೆ ಬಂದ ಬೆದರಿಕೆಯು ಬಾಯಿಮಾತಿನದಾಗಿರಲಿಲ್ಲ. ಹೊಲ ತೋಟಗಳು ಜಪ್ತಿಯಾದವು, ಅಡಕೆಯ ತೋಟಗಳು ಹರಾಜಿಗೆ ಬಂದವು, ಮನೆಯ ಪಾತ್ರೆಪದಾರ್ಥಗಳು ಹೋದವು. ಅಡಕೆಯ ಮರವೆಂದರೆ ಆ ಸೀಮೆಯವರಿಗೆ ಮೊಮ್ಮಕ್ಕಳ ಅನ್ನವೆಂಬದನ್ನು ಬಲ್ಲವರು ಈ ಬೆದರಿಕೆಯ ತೂಕವನ್ನು ತಿಳಿಯಬಲ್ಲರು. ಕೇಳಿದ್ದು ಇಷ್ಟೇ, ತೀರುವೆಯ ನಾಲ್ಕು ದುಡ್ಡು ಕಟ್ಟಿಬಿಡಿರಿ. ಕಟ್ಟಲಿಲ್ಲ. ಗಂಡಸರು ಸೆರೆಮನೆಯಲ್ಲಿರಲು ಹೆಂಗಸರು ಜಪ್ತಿಯ ಸೊತ್ತನ್ನು ಕೊಂಡವರ ಮನೆಯ ಮುಂದೆ ಉಪವಾಸ ಕುಳಿತರು. ಅವರು ವೇದಾಂತ ಓದಿದವರಲ್ಲ. ಎಂದಿನಂತೆ ದೇವರ ಮುಂದೆ ದೀಪ ಹಚ್ಚಿ, ಮಕ್ಕಳನ್ನು ನೆರೆಯವರಿಗೆ ಒಪ್ಪಿಸಿ ಹೊರಟವರು. ಕಳೆದ ಭೂಮಿಯು ಒಂದು ವಾರದಲ್ಲಾಗಲಿ ಒಂದು ವರ್ಷದಲ್ಲಾಗಲಿ ಮರಳಲಿಲ್ಲ. 1937ರಲ್ಲಿ ಮುಂಬಯಿ ಪ್ರಾಂತಕ್ಕೆ ಕಾಂಗ್ರೆಸ್ ಮಂತ್ರಿಮಂಡಲವು ಬಂದ ಮೇಲೆಯೇ ಅದನ್ನು ಮರಳಿಸುವ ಏರ್ಪಾಡು ನಡೆಯಿತು. ಅಷ್ಟು ವರ್ಷ ಆ ಮನೆಗಳಲ್ಲಿ ದೀಪ ಹಚ್ಚಿದ ಕೈಗಳಿಗೆ, ಭೂಮಿ ಮರಳುವದೆಂಬ ಭರವಸೆಯನ್ನು ಯಾರೂ ಬರೆದುಕೊಟ್ಟಿರಲಿಲ್ಲ.

ಮೊದಲಿನ ಪ್ರಶ್ನೆಗೆ ಬರೋಣ. 1948ರ ಜನವರಿ 20ರಂದು ಬಿರ್ಲಾ ಭವನದ ಪ್ರಾರ್ಥನಾಸಭೆಯ ಬಳಿ ಬಾಂಬು ಸಿಡಿಯಿತು. ಮದನಲಾಲ ಪಹವಾ ಎಂಬ ತರುಣನು ಅಲ್ಲಿಯೇ ಸಿಕ್ಕಿಬಿದ್ದನು. ಗಾಂಧೀಜಿಯವರು ಪ್ರಾರ್ಥನೆಯನ್ನು ನಿಲ್ಲಿಸಲಿಲ್ಲ. ಆ ತರುಣನನ್ನು ಯಾರೂ ದ್ವೇಷಿಸಬಾರದೆಂದು ಮರುದಿನ ಹೇಳಿದರು. ಪ್ರಾರ್ಥನೆಗೆ ಬರುವವರ ಮೈ ಶೋಧಿಸಲು ಪೋಲೀಸರಿಗೆ ಅನುಮತಿ ಕೊಡಬೇಕೆಂದು ಸರದಾರ ಪಟೇಲರು ಕೇಳಿದಾಗ ಅವರು ಒಪ್ಪಲಿಲ್ಲ. ದೇವರ ಮುಂದೆ ಬರುವವರ ಕಿಸೆ ಮುಟ್ಟಿನೋಡಿ ಒಳಗೆ ಬಿಡುವ ಪ್ರಾರ್ಥನೆಯು ಅವರ ಪಾಲಿಗೆ ಪ್ರಾರ್ಥನೆಯಾಗಿರಲಿಲ್ಲ. ಚಿಕ್ಕವರಿರುವಾಗ ಭೂತಪ್ರೇತಗಳ ಭಯಕ್ಕೆ ಮದ್ದಾಗಿ ರಾಮನಾಮವನ್ನು ಕಲಿಸಿಕೊಟ್ಟವಳು ಮನೆಯ ದಾದಿ ರಂಭಾ. ಎಪ್ಪತ್ತು ವರ್ಷ ಅದೇ ಮದ್ದನ್ನು ಸೇವಿಸಿದವರಿಗೆ ಸಾವು ಕೂಡ ಒಂದು ಭೂತವಾಗಿ ತೋರಿದ್ದರೆ ಆಶ್ಚರ್ಯವೇನು? ಗಾದೆಯು ಸುಳ್ಳಾಯಿತೇ? ಅವರ ಶರೀರವನ್ನು ಕಾಯುವದು ಗಾದೆಯ ಅರ್ಥವಾಗಿದ್ದರೆ ಸುಳ್ಳಾಯಿತೆಂದು ಒಪ್ಪಿಕೊಳ್ಳುವದೇ ಪ್ರಾಮಾಣಿಕತನ. ಆದರೆ ಸಾಯುವ ಗಳಿಗೆಯವರೆಗೂ ಅವರ ಬಾಯಿಯಿಂದ ಬೆದರಿಸಿದವರಿಗೆ ಬೇಕಾದ ಒಂದು ಶಬ್ದವೂ ಹೊರಡಲಿಲ್ಲ, ಹಗೆಯ ಒಂದು ಶಬ್ದವೂ ಹೊರಡಲಿಲ್ಲ. ಕಾಯಲ್ಪಟ್ಟದ್ದು ಅದು. ಅಷ್ಟು ಸಾಲದೆಂದು ಹೇಳುವವರೊಡನೆ ನಾವು ಜಗಳವಾಡುವದಿಲ್ಲ. ಅವರು ಕಳಕೊಂಡದ್ದು ಸಣ್ಣ ವಸ್ತುವನ್ನಲ್ಲ.

ಆದರೆ ಇನ್ನೊಂದು ತಪ್ಪು ತಿಳುವಳಿಕೆಗೆ ಎಡೆಗೊಡಲಾರೆವು. ಮಹಾತ್ಮರು ರಕ್ಷಣೆ ಬೇಡವೆಂದರು, ಆದುದರಿಂದ ಯಾರ ದೋಷವೂ ಇಲ್ಲ ಎಂಬ ವಾದವು ಸಲ್ಲದು. ಬಾಂಬಿಗೂ ಗುಂಡಿಗೂ ನಡುವೆ ಹತ್ತು ದಿವಸಗಳಿದ್ದವು. ಒಬ್ಬ ಆರೋಪಿಯು ಕೈಯಲ್ಲಿದ್ದನು. ಮುಂಬಯಿಯ ಪ್ರಾಧ್ಯಾಪಕ ಜಗದೀಶಚಂದ್ರ ಜೈನರು ತಮಗೆ ತಿಳಿದದ್ದನ್ನು ಮುಂಬಯಿ ಸರಕಾರದ ಮಂತ್ರಿಗಳಿಗೆ ಹೋಗಿ ಹೇಳಿದ್ದರು. ಮುಂದೆ 1966ರಲ್ಲಿ ನೇಮಕವಾಗಿ 1969ರಲ್ಲಿ ವರದಿ ಕೊಟ್ಟ ನ್ಯಾಯಮೂರ್ತಿ ಕಪೂರರ ಆಯೋಗವು ಪೋಲೀಸರ ತನಿಖೆಯಲ್ಲಿಯ ಅಲಕ್ಷ್ಯವನ್ನು ಬಯಲಿಗಿಟ್ಟಿತು. ದೇವರನ್ನು ನೆಚ್ಚುವದು ಬೆದರಿಕೆಗೆ ಗುರಿಯಾದವನ ಹಕ್ಕು. ಅವನು ನೆಚ್ಚಿದ್ದಾನೆಂದು ಕೈಕಟ್ಟಿ ಕೂಡ್ರುವ ಹಕ್ಕು ಸರಕಾರಕ್ಕಿಲ್ಲ, ನೆರೆಹೊರೆಗೂ ಇಲ್ಲ. ಡರ್ಬನ್ನಿನಲ್ಲಿ ದೇವರ ಸಹಾಯವು ಬಂದದ್ದು ಒಂದು ಕೊಡೆಯ ರೂಪದಲ್ಲಿ. ಅದನ್ನು ಬಿಚ್ಚಲು ಒಬ್ಬ ಹೆಣ್ಣುಮಗಳ ಕೈ ಬೇಕಾಯಿತು.

ಇಂದು ಬೆದರಿಕೆಯು ಊರ ಹೊರಗಿನ ಸಭೆಯಿಂದ ಬರಬೇಕಾಗಿಲ್ಲ. ನಡುರಾತ್ರಿಯಲ್ಲಿ ದೂರವಾಣಿಯೊಳಗೆ ಬರುವದು, ಕಳಿಸಿದವನ ಹೆಸರಿಲ್ಲದೆ ಬರುವದು, ಮಗುವಿನ ಶಾಲೆಯ ಹೆಸರನ್ನು ಹೇಳಿ ಬರುವದು. ಮಾಹಿತಿಯ ಹಕ್ಕಿನಲ್ಲಿ ಅರ್ಜಿ ಹಾಕಿದವನಿಗೆ, ಕೆರೆಯ ಒತ್ತುವರಿಯನ್ನು ಬಯಲಿಗೆಳೆದ ಮಾಸ್ತರರಿಗೆ, ಕೊಲೆಯನ್ನು ಕಣ್ಣಾರೆ ಕಂಡ ಕೂಲಿಕಾರಳಿಗೆ ಬರುವದು. ಪೋಲೀಸರೆದುರಿಗೆ ನಿಚ್ಚಳವಾಗಿ ಹೇಳಿದ ಸಾಕ್ಷಿಯು ಕಟಕಟೆಯಲ್ಲಿ ನಿಂತೊಡನೆ ‘ನನಗೇನೂ ಗೊತ್ತಿಲ್ಲ’ ಎಂದು ತಲೆತಗ್ಗಿಸುವದನ್ನು ನಾವು ನಮ್ಮ ವೃತ್ತಿಯಲ್ಲಿ ಮತ್ತೆ ಮತ್ತೆ ಕಂಡಿರುವೆವು. ಅವರನ್ನು ಹೇಡಿಗಳೆಂದು ಜರೆಯಲು ನಮಗೆ ಬಾಯಿ ಬರುವದಿಲ್ಲ. ಸಾಕ್ಷಿದಾರರ ರಕ್ಷಣೆಯ ಯೋಜನೆಯೊಂದನ್ನು ಸುಪ್ರೀಂ ಕೋರ್ಟು 2018ನೆಯ ಇಸವಿಯ ಡಿಸೆಂಬರದಲ್ಲಿ ಮಾನ್ಯಮಾಡಿ ದೇಶಕ್ಕೆಲ್ಲ ಅನ್ವಯಿಸಿದೆ. ಅದಕ್ಕೆ ಅರ್ಜಿ ಕೊಡಬಹುದೆಂಬದನ್ನು ಸಾಕ್ಷಿದಾರರಿಗೆ ತಿಳಿಸಿಹೇಳುವ ಕೆಲಸವನ್ನು ಊರೂರಿನ ಉಪಾಧ್ಯಾಯರೂ ವಕೀಲರೂ ಮಾಡಬೇಕು. ಆದರೆ ಯೋಜನೆಯ ಪೋಲೀಸನು ಮನೆಯ ಬಾಗಿಲವರೆಗೆ ಬರಬಲ್ಲನು. ದೇವರ ಗೂಡಿನ ಮುಂದೆ ಒಬ್ಬಳೇ ಕುಳಿತು ‘ನಾಳೆ ಏನು ಹೇಳಲಿ’ ಎಂದು ಕೇಳಿಕೊಳ್ಳುವ ಹೆಂಗಸಿನ ಎದೆಯೊಳಕ್ಕೆ ಅವನು ಬರಲಾರನು. ಅಲ್ಲಿ ಅವಳಿಗೆ ಯಾವ ಉತ್ತರ ಸಿಗುವದೋ ಅದು ಅವಳಿಗೂ ದೇವರಿಗೂ ಸೇರಿದ್ದು.

ಮರುದಿನ ಬೆಳಿಗ್ಗೆ ಅವಳು ಬಸ್ಸು ಹತ್ತಿ ತಾಲೂಕಿನ ಊರಿಗೆ ಬರುವಾಗ ಜೊತೆಗೆ ಹೋಗುವದು ಮಾತ್ರ ನಮ್ಮ ನಿಮ್ಮ ಕೈಯಲ್ಲಿದೆ. ಕೆಲವು ಬಗೆಯ ಮೊಕದ್ದಮೆಗಳನ್ನು ಬಿಟ್ಟರೆ ಫೌಜದಾರಿ ಕೋರ್ಟು ಎಲ್ಲರಿಗೂ ತೆರೆದದ್ದು. ಹಿಂದಿನ ಬೆಂಚಿನ ಮೇಲೆ ನಾಲ್ಕು ಜನ ಊರವರು ಸುಮ್ಮನೆ ಕುಳಿತಿರಲು ಯಾರ ಅಪ್ಪಣೆಯೂ ಬೇಕಾಗುವದಿಲ್ಲ.